ಮೂರನೆಯ ಆನೆ ಎಲ್ಲಿಂದ ತರುದು?

ನನ್ನ ಹೆಂಡತಿಯ ತಂದೆ, ಅಂದರೆ ನನ್ನ ಮಾವ, ತಮ್ಮ ಮೇಲೆ ಬಂದ ಆರೋಪಕ್ಕೆ ಒಮ್ಮೆಯೂ ಉತ್ತರ ಕೊಟ್ಟವರಲ್ಲ. ಹಾಗೆಂದು ಸುಮ್ಮನಿದ್ದವರೂ ಅಲ್ಲ! ಚದುರಂಗದಲ್ಲಿ ಅವರದೊಂದು ಸಿದ್ಧಾಂತವಿತ್ತು: ಎದುರಾಳಿ ಬಲಗಡೆಯಿಂದ ನುಗ್ಗಿದರೆ ಬಲಗಡೆಯನ್ನೇ ಕಾಯುತ್ತ ಕೂರಬಾರದು, ಎಡಗಡೆಯಲ್ಲಿ ಅವನ ನಿದ್ದೆಗೆಡಿಸಬೇಕು. ಆಟದ ಸಿದ್ಧಾಂತ ಆಟದಲ್ಲೇ ಉಳಿದಿದ್ದರೆ ಯಾರಿಗೆ ತೊಂದರೆಯಿತ್ತು?

ಸುಳ್ಯದ ಡಾಕ್ಟರೊಬ್ಬರು ಹೊಗೆಸೊಪ್ಪು ಬಿಡಲೇಬೇಕೆಂದು ಗದರಿದಾಗ ಮಾವ ಅವರ ಮುಖವನ್ನೇ ದಿಟ್ಟಿಸಿ, "ಅದಿರಲಿ ಡಾಕ್ಟ್ರೆ, ನಿಮ್ಮ ಕಣ್ಣು ಎಂತ ಹಳದಿ ಉಂಟು?" ಎಂದರಂತೆ. ಡಾಕ್ಟರು ಕನ್ನಡಿ ಹುಡುಕುವಷ್ಟರಲ್ಲಿ ಇವರು ಬಾಯಿಗೆ ಹೊಗೆಸೊಪ್ಪು ತುಂಬಿಕೊಂಡು ಮೆಟ್ಟಿಲಿಳಿದಿದ್ದರು. ಇನ್ನೊಮ್ಮೆ ನೆರೆಮನೆಯವರು, "ನಿಮ್ಮ ದನ ನಮ್ಮ ಬಸಳೆ ಚಪ್ಪರವನ್ನೇ ತಿಂದಿತು" ಎಂದು ಜಗಳಕ್ಕೆ ಬಂದರು. "ನಿಮ್ಮ ಬಸಳೆಯಾ ಅದು? ದನಕ್ಕೆ ನಿನ್ನೆಯಿಂದ ಭೇದಿ! ಬುಡಕ್ಕೆ ಎಂತ ಹಾಕಿದ್ದೀರಿ ಮಾರಾಯ್ರೆ?" ಪಾಪ, ಅವರು ದನಕ್ಕೆ ಕಷಾಯ ಮಾಡಿ ತರುತ್ತೇನೆಂದು ಒಪ್ಪಿಕೊಂಡು ಹಿಂದಿರುಗಿದರು.

ಇಂಥವರ ಒಬ್ಬಳೇ ಮಗಳನ್ನು ಕೇಳಲು ನಾನು ಐವರ್ನಾಡಿಗೆ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಜೊತೆಗೆ ಅಕ್ಕನ ಗಂಡ, ಕುಂಬ್ರದ ಭಾವ. ಹುಡುಗಿ ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದರು, ಅಪ್ಪನೇ ಸಾಕಿದ್ದು. ಹಿಂದೆ ಬಂದ ವರಗಳನ್ನೆಲ್ಲ ಅವರು ಚದುರಂಗದ ಮಣೆಯೆದುರು ಕೂರಿಸಿ, ಸೋಲಿಸಿ, "ಆಟ ಗೊತ್ತಿಲ್ಲ" ಎಂದು ಸಾಗಹಾಕಿದ್ದರು. ಬೆಟ್ಟಂಪಾಡಿಯ ಒಂದು ಮದುವೆಯಲ್ಲಿ ಅವಳು ಪಾಯಸ ಬಡಿಸುವುದನ್ನು ನೋಡಿದ ಮೇಲೆ ನನಗೆ ಬೇರೆ ಯಾರೂ ಬೇಡವಾಗಿತ್ತು. ನಾನಾದರೋ ಮನೆಗೆ ಬೀಗ ಹಾಕಿ, ಅರ್ಧ ದಾರಿಯಿಂದ ಮರಳಿ ಬಂದು ಬೀಗ ಎಳೆದು ನೋಡುವವನು. ಎಳೆದದ್ದರಿಂದಲೇ ಸಡಿಲವಾಯಿತೋ ಏನೋ ಎಂದು ಪುನಃ ಬರುವವನು. ಇಂಥವನಿಗೆ ಚದುರಂಗದ ಪರೀಕ್ಷೆ!

ಅವಲಕ್ಕಿ ಮುಗಿಯುವ ಮೊದಲೇ ಮಣೆ ಬಂತು. ನಾನು ಇದ್ದಬದ್ದ ಕಾಯಿಗಳನ್ನೆಲ್ಲ ತಂದು ರಾಜನ ಸುತ್ತ ನಿಲ್ಲಿಸಿದೆ.

"ಇದು ಯುದ್ಧವಾ, ಸಾವಿನ ಮನೆಯಾ? ಎಲ್ಲ ಸುತ್ತ ಕೂತುಬಿಟ್ಟಿದ್ದಾರಲ್ಲ!" ಎಂದರು ಅವರು.

ಅವರು ಕುದುರೆ ಕೊಟ್ಟರು, ಒಂಟೆ ಕೊಟ್ಟರು, ಕೊನೆಗೆ ಮಂತ್ರಿಯನ್ನೇ ಕೊಟ್ಟರು. ನಾನು ಪಕ್ಕದ ಮನೆಯವರು ಕೊಟ್ಟ ಹಲಸಿನ ಸೊಳೆಯಂತೆ ಸಂಕೋಚದಿಂದಲೇ ತೆಗೆದುಕೊಂಡೆ. ಈ ಗಡಿಬಿಡಿಯಲ್ಲಿ ನನ್ನದೊಂದು ಕಾಲಾಳು ಅವರ ಕಾಯಿಗಳನ್ನು ಕಡಿಯುತ್ತ ಅಂಚಿಗೆ ಸರಿಯಿತು. ನೋಡುತ್ತೇನೆ, ಮುಂದೆ ಅಡ್ಡ ಬರುವವರೇ ಇಲ್ಲ!

"ದಾರಿ ಖಾಲಿ ಉಂಟಲ್ಲ, ಓಡಿಸು!" ಎಂದು ಕುಂಬ್ರದ ಭಾವ ಪಿಸುಗುಟ್ಟಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಓಡಿಸಿದೆ. ಕಡೆಯ ಮನೆಗೆ ಕಾಲಾಳನ್ನು ಎತ್ತಿ, "ಇನ್ನು ಇದು ಮಂತ್ರಿ!" ಎಂದೆ. ಪುತ್ತೂರಿನಲ್ಲಿ ನಾನು ಕಲಿತದ್ದು ಹಾಗೆ.

ಹುಡುಗಿಯ ಅಪ್ಪ ನನ್ನ ಕೈ ಹಿಡಿದರು. "ಎಲ್ಲಿಯ ಮಂತ್ರಿ? ನಮ್ಮಲ್ಲಿ ಆನೆಯ ಮನೆ ಮುಟ್ಟಿದವ ಆನೆಯೇ ಆಗುದು."

"ಆನೆಯೇ ಆಗಲಿ."

"ಹೇಗೆ ಆಗುದು? ಸತ್ತ ಆನೆ ಮಾತ್ರ ಎದ್ದು ಬರುದು. ನಿಮ್ಮ ಎರಡು ಆನೆಯೂ ರಾಜನ ಹತ್ತಿರವೇ ಉಂಟಲ್ಲ! ಮೂರನೆಯ ಆನೆ ಎಲ್ಲಿಂದ ತರುದು?"

ಏನನ್ನೂ ಕಳೆದುಕೊಳ್ಳದ ತಪ್ಪಿಗೆ ನನ್ನ ಕಾಲಾಳು ಹೊಸ್ತಿಲ ಹೊರಗೆ ನಿಂತಿತು! ಅಷ್ಟರಲ್ಲಿ ಇನ್ನೊಂದು ಬದಿಯಲ್ಲಿ ಅವರ ಕಾಲಾಳು ಸದ್ದಿಲ್ಲದೆ ನಡೆದು ಮಂತ್ರಿಯ ಮನೆ ಸೇರಿತು. ಅವರ ಮಂತ್ರಿ ಸತ್ತಿದ್ದನಲ್ಲ, ಎದ್ದು ಬಂದ. ನನ್ನ ರಾಜ ಓಡೋಣವೆಂದರೆ ಸುತ್ತ ನನ್ನವರೇ. ಆಟ ಮುಗಿಯಿತು.

ನಾನು ಎದ್ದು ಕೊಡೆ ಹುಡುಕಿದೆ.

"ಎಲ್ಲಿಗೆ? ಜಾತಕ ತಂದಿದ್ದೀರಾ?"

"ಸೋತೆನಲ್ಲ?"

"ಸೋತದ್ದು ಭಾರೀ ಕೆಟ್ಟದಾಗಿಯೇ. ನಿಮಗೆ ಆಟ ಬರುದಿಲ್ಲ, ಕಲಿಸಿದರೂ ಬರುದಿಲ್ಲ." ಅವರು ಕಾಯಿಗಳನ್ನು ಬಟ್ಟೆಯ ಚೀಲಕ್ಕೆ ತುಂಬತೊಡಗಿದರು. "ಮೊದಲು ಬಂದವರೆಲ್ಲ ನನ್ನ ಹಾಗೆಯೇ, ಗೆಲ್ಲಲಿಕ್ಕೆ ಬೇಕಾಗಿ ಎಂತದನ್ನೂ ಬಿಟ್ಟುಕೊಡುವವರು. ನಿಮ್ಮ ಕೈಗೆ ಬಂದದ್ದು ಬಿಟ್ಟು ಹೋಗುದಿಲ್ಲ. ಮಗಳನ್ನು ಕೊಡುದಾದರೆ ಇಂಥವರಿಗೇ ಅಂತ ಕಂಡಿತು."

ಮಗಳನ್ನು ಕರೆಯಲೆಂದು ಅಡುಗೆಮನೆಯತ್ತ ತಿರುಗಿ ಬಾಯಿ ತೆರೆದರು. ಕರೆಯದೆ ಮಣೆಯತ್ತಲೇ ತಿರುಗಿದರು. ಮಂತ್ರಿಯನ್ನು ಕಣ್ಣು ಮಿಟುಕಿಸದೆ ಕೊಟ್ಟ ಮನುಷ್ಯ! ಚೀಲದ ಕಾಯಿಗಳನ್ನು ಮತ್ತೆ ಮಣೆಯ ಮೇಲೆ ಸುರಿದು, ನನ್ನ ಮುಖ ನೋಡದೆ, "ಕರೆಯುವ ಮೊದಲು ಇನ್ನೊಂದು ಆಟ ಆಡುವಾ?" ಎಂದು ಕೇಳಿದರು.

ಮಾರ್ಗದಲ್ಲಿ ಪುತ್ತೂರಿಗೆ ಹೋಗುವ ಕೊನೆಯ ಬಸ್ಸು ಹಾರ್ನ್ ಹೊಡೆಯಿತು. ಭಾವ ಎದ್ದೇ ಬಿಟ್ಟರು. ನಾನು ಕೊಡೆಯನ್ನು ಗೋಡೆಗೆ ಒರಗಿಸಿ ಕುಳಿತು, ಅವರ ಕಾಯಿಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ.

"ಬಸ್ಸು ಹೋಗಲಿ ಮಾವ" ಎಂದೆ. "ನಿಧಾನ ಆಡುವ."