ಓನರಮ್ಮನ ರೇಡಿಯೊದ ವಾಲ್ವ್

ಪಾರ್ಸೆಲ್ ಕೈಗೆ ಬಂದು ಒಮ್ಮೆ ಅಲ್ಲಾಡಿಸಿದಾಗಲೇ ರೇಡಿಯೊ ಡಾಕ್ಟರಿಗೆ ಅರ್ಧ ಜೀವ ಹೋಯಿತು. ಒಳಗಿನಿಂದ ಸಕ್ಕರೆ ಡಬ್ಬಿ ಅಲ್ಲಾಡಿಸಿದಂಥ ಸದ್ದು. ಬಿಚ್ಚಿ ನೋಡಿದ ಮೇಲೆ ಉಳಿದರ್ಧವೂ ಹೋಯಿತು. ದೂರದ ಗುಜರಿಯವನನ್ನು ಕಾಡಿ ಬೇಡಿ ತರಿಸಿಕೊಂಡಿದ್ದ ವಾಲ್ವ್ ಪುಡಿಪುಡಿಯಾಗಿ ಹತ್ತಿಯ ನಡುವೆ ಮಲಗಿತ್ತು.

ವಾಲ್ವ್ ಅಂದರೆ ಹಳೇ ಕಾಲದ ರೇಡಿಯೊದ ಹೊಟ್ಟೆಯೊಳಗೆ ಸಣ್ಣಗೆ ಉರಿಯುವ, ಹೆಬ್ಬೆರಳು ಗಾತ್ರದ ಗಾಜಿನ ಬುರುಡೆ. ಅದು ಸತ್ತರೆ ರೇಡಿಯೊ ಬಾಯಿ ಬಿಡುವುದಿಲ್ಲ. ಅದನ್ನು ತಯಾರಿಸುವವರು ಯಾವತ್ತೋ ಅಂಗಡಿ ಮುಚ್ಚಿದ್ದಾರೆ. ನಮ್ಮ ಡಾಕ್ಟರು ಮಾತ್ರ ಇನ್ನೂ ತೆರೆದಿದ್ದಾರೆ. ಡಾಕ್ಟರು ಅಂತ ಹೆಸರಿಟ್ಟಿದ್ದು ಬೀದಿಯ ಜನ. ಓದಿನ ವಿಚಾರ ಕೇಳಬೇಡಿ. ಅಜ್ಜ ಮುತ್ತಜ್ಜಂದಿರ ಕಾಲದ ರೇಡಿಯೊಗಳಿಗೆ ಪಾಲಿಶ್ ಬಳಿದು, ಡಯಲ್ಲಿನ ಮುಳ್ಳು ಸರಿಮಾಡಿ, ಮತ್ತೆ ಮಾತಾಡಿಸುವುದು ಅವರ ಕಸುಬು. ಅದು ಬಿಟ್ಟರೆ ಅವರಿಗೆ ಬೇರೇನೂ ಬರುವುದಿಲ್ಲ, ಬಸ್ಸು ಹತ್ತುವುದೂ ಸೇರಿದಂತೆ.

"ಒಡೆದೋಯ್ತಾ?" ಒಳಗಿನಿಂದ ಹೆಂಡತಿ ಕೇಳಿದಳು. ಅಂಗಡಿಯ ಹಿಂಭಾಗವೇ ಅವರ ಮನೆ.

"ಸ್ವಲ್ಪ."

"ಗಾಜು ಸ್ವಲ್ಪ ಒಡೆಯೋದು ಹೆಂಗ್ರೀ? ಸಂಜೆ ಓನರಮ್ಮ ಬರ್ತಾರೆ. ಅವರ ರೇಡಿಯೊದೊಳಗೆ ಏನಿಡ್ತೀರಿ, ನಿಮ್ಮ ತಲೇನಾ?"

ಓನರಮ್ಮ ಅಂದರೆ ಈ ಕಟ್ಟಡದ ಒಡತಿ. ತಮ್ಮ ರೇಡಿಯೊವನ್ನು ರಿಪೇರಿಗೆ ಕೊಟ್ಟು ತಿಂಗಳುಗಟ್ಟಲೆ ಕಾದು, ಹೋದ ವಾರ ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿ ಹೋಗಿದ್ದರು: "ಮುಂದಿನ ವಾರ ಇದೇ ದಿನ ಸಂಜೆ ಬರ್ತೀನಿ. ಹಾಡಿದರೆ ಸರಿ. ಹಾಡದೇ ಇದ್ರೆ ಈ ಜಾಗ ಮೊಬೈಲ್ ಅಂಗಡಿಯವನಿಗೆ. ಅವನು ಚಪ್ಪಲಿ ಸವೆಸ್ಕೊಂಡು ಓಡಾಡ್ತಿದಾನೆ."

ನಿಜ ಹೇಳಬೇಕೆಂದರೆ ಆ ರೇಡಿಯೊ ಎಂದೋ ರಿಪೇರಿಯಾಗಿತ್ತು. ಆದರೆ ಡಾಕ್ಟರಿಗೊಂದು ಅಭ್ಯಾಸ. ಒಬ್ಬರ ಸೆಟ್ಟಿಗೆ ವಾಲ್ವ್ ಬೇಕಾದರೆ, ಕಪಾಟಿನಲ್ಲಿ ಕಾಯುತ್ತಿರುವ ಇನ್ನೊಬ್ಬರ ಸೆಟ್ಟಿನಿಂದ ಕಿತ್ತು ಹಾಕಿಬಿಡುವುದು. ಅವರ ಪ್ರಕಾರ ಇದು ಕಳ್ಳತನವಲ್ಲ, ಕೈಗಡ. ಹೊಸದು ಬಂದ ಕೂಡಲೇ ಹಾಕಿದರಾಯಿತು, ಯಾರಿಗೆ ಗೊತ್ತಾಗುತ್ತೆ? ಹಾಗೆ ಓನರಮ್ಮನ ವಾಲ್ವ್ ಕ್ಷೌರದಂಗಡಿಯ ರೇಡಿಯೊದೊಳಗೆ ಸೇರಿ, ಬೆಳಗಿನಿಂದ ಸಂಜೆಯವರೆಗೆ ಗಂಟಲು ಹರಿಯುವಂತೆ ಹಾಡುತ್ತಿತ್ತು.

"ಹೋಗಿ ಅದನ್ನೇ ತರ್ತೀನಿ," ಎಂದರು ಡಾಕ್ಟರು, ಕಾಲಿಗೆ ಚಪ್ಪಲಿ ಸಿಗದೆ ತಡಕಾಡುತ್ತ.

"ಏನಂತ ಹೇಳಿ ತರ್ತೀರಿ?"

"ದಾರೀಲಿ ಹೊಳೆಯತ್ತೆ."

ದಾರಿ ಉದ್ದವಿರಲಿಲ್ಲ, ಹಾಗಾಗಿ ಏನೂ ಹೊಳೆಯಲಿಲ್ಲ. ಕ್ಷೌರದಂಗಡಿಯ ಮೇಲುಮಹಡಿಯಲ್ಲೇ ಓನರಮ್ಮನ ವಾಸ. ಬಾಲ್ಕನಿಯಿಂದ ಕಣ್ಣಿಗೆ ಬಿದ್ದರೆ ಕಷ್ಟ ಎಂದು ಗೋಡೆಗೆ ಅಂಟಿಕೊಂಡೇ ಒಳಗೆ ನುಸುಳಿದರು. ರೇಡಿಯೊ ಹಾಡುತ್ತಿತ್ತು. ಕ್ಷೌರಿಕನಿಗೆ ಬೀದಿಯಲ್ಲಿ ಕತ್ತರಿಯಣ್ಣ ಎಂದೇ ಹೆಸರು. ಕೂದಲಿರಲಿ ಬಿಡಲಿ ಅವನ ಕತ್ತರಿ ಗಾಳಿಯಲ್ಲಾದರೂ ಕಚಕಚ ಅನ್ನುತ್ತಿರುತ್ತದೆ. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡು ನಿವೃತ್ತ ಮೇಷ್ಟ್ರು ಕೂತಿದ್ದರು.

"ಬನ್ನಿ ಡಾಕ್ಟ್ರೇ, ಅಪರೂಪ! ಕಟಿಂಗಾ?"

"ಸರ್ವಿಸ್," ಎಂದುಬಿಟ್ಟರು ಡಾಕ್ಟರು. "ರೇಡಿಯೊ ಸರ್ವಿಸ್. ಧೂಳು ಹೊಡೆದು ಕೊಡೋದು. ಫ್ರೀ."

"ಫ್ರೀ ಅಂದ್ರೆ ಯಾವುದೋ ಕಾಯಿಲೆ ಇರ್ಬೇಕು," ಎಂದರು ಮೇಷ್ಟ್ರು ನೊರೆಯೊಳಗಿಂದ. "ಚೆನ್ನಾಗಿ ಹಾಡ್ತಿರೋದನ್ನ ಯಾಕ್ರೀ ಮುಟ್ತೀರಿ?"

"ಚೆನ್ನಾಗಿರುವಾಗಲೇ ನೋಡಿಸ್ಕೋಬೇಕು ಮೇಷ್ಟ್ರೇ. ಮನುಷ್ಯರ ಹಾಗೇ."

ಕತ್ತರಿಯಣ್ಣ ತಲೆದೂಗಿದ. ಡಾಕ್ಟರು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹಿಂದಿನ ರಟ್ಟು ಬಿಚ್ಚಿ, ಮೂತಿಯನ್ನು ಒಳಗಿಟ್ಟು ಉಫ್ ಉಫ್ ಎಂದು ಊದಿದರು. ಇಬ್ಬರೂ ಕನ್ನಡಿಯ ಕಡೆ ತಿರುಗಿದ ಕ್ಷಣ ನೋಡಿ ವಾಲ್ವನ್ನು ಕರವಸ್ತ್ರದಲ್ಲಿ ಹಿಡಿದು ಕಿತ್ತು, ಜೊತೆಗೆ ತಂದಿದ್ದ ಸತ್ತ ವಾಲ್ವನ್ನು ಆ ತೂತಿಗೆ ಚುಚ್ಚಿ, ಕಿತ್ತಿದ್ದನ್ನು ಪ್ಯಾಂಟಿನ ಜೇಬಿಗಿಳಿಸಿದರು.

ಬೆಳಗಿನಿಂದ ಹಾಡಿದ ವಾಲ್ವ್ ಕಾದ ಬಾಣಲೆಯಷ್ಟು ಬಿಸಿಯಿರುತ್ತದೆ ಎಂಬುದು ಆ ಕಸುಬಿನ ಮೊದಲನೇ ಪಾಠ. ತೊಡೆ ಅದನ್ನು ನೆನಪಿಸಿತು.

"ಅಯ್ಯಯ್ಯೋ!"

"ಏನಾಯ್ತು? ಕರೆಂಟ್ ಹೊಡೀತಾ?"

"ಇಲ್ಲಿಲ್ಲ. ಆಹಾ, ಎಷ್ಟು ಧೂಳು ಅಂತ!" ಡಾಕ್ಟರು ಒಂಟಿ ಕಾಲಿನ ಮೇಲೆ ಕುಣಿಯುತ್ತಲೇ ರಟ್ಟು ಮುಚ್ಚಿ ಪ್ಲಗ್ ಹಾಕಿದರು. ಡಯಲ್ಲಿನ ದೀಪ ಹತ್ತಿತು. ಮೂವರೂ ಕಾದರು. ಹಳೇ ರೇಡಿಯೊ ಬಿಸಿಯಾಗಿ ಬಾಯಿ ಬಿಡಲು ಹೊತ್ತು ಬೇಕಲ್ಲ. ಹೊತ್ತು ಆಯಿತು. ಬಾಯಿ ಬಿಡಲಿಲ್ಲ.

"ಡಾಕ್ಟ್ರೇ?" ಕತ್ತರಿಯ ಕಚಕಚ ನಿಂತೇಹೋಯಿತು.

"ಸರ್ವಿಸ್ ಆದ್ಮೇಲೆ ರೆಸ್ಟ್ ಬೇಕಾಗತ್ತೆ ಅಣ್ಣ. ಇವತ್ತೊಂದಿನ ಮಾತಾಡಿಸ್ಬೇಡಿ." ಹೇಳುತ್ತಲೇ ಡಾಕ್ಟರು ಹೊಸ್ತಿಲು ದಾಟಿದ್ದರು.

ಬೀಸೋ ದೊಣ್ಣೆ ತಪ್ಪಿತು ಅಂದುಕೊಂಡರೆ ಬೆನ್ನ ಹಿಂದೆಯೇ ಮೇಷ್ಟ್ರು! ಹೆಗಲ ಮೇಲೆ ಟವಲ್ಲು, ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆಯಲ್ಲಿ ನೊರೆ. ವಾರ್ತೆ ಕೇಳಲೆಂದೇ ಗಡ್ಡ ಮಾಡಿಸಲು ಬರುವ ಮನುಷ್ಯ. ವಾರ್ತೆಯಿಲ್ಲದ ಮೇಲೆ ಉಳಿದ ಗಡ್ಡ ಕಟ್ಟಿಕೊಂಡು ಏನು ಮಾಡುವುದು?

"ನಿಲ್ಲಿ, ನಿಲ್ಲಿ! ಯಾಕೆ ಕುಂಟ್ತಿದೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಡಾಕ್ಟರ ಕೈ ಸೀದಾ ಜೇಬಿನ ಮೇಲೆ ಹೋಯಿತು. ಮೇಷ್ಟ್ರ ಕಣ್ಣೂ ಅಲ್ಲಿಗೇ ಹೋಯಿತು.

"ಏನದು ಉಬ್ಬಿರೋದು?"

"ಕುರು," ಎಂದರು ಡಾಕ್ಟರು. ಇನ್ನೇನೂ ಬಾಯಿಗೆ ಬರಲಿಲ್ಲ.

"ಕುರು! ತೊಡೇಲಿ! ಇಷ್ಟು ದಪ್ಪ!" ಮೇಷ್ಟ್ರು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಸುಡ್ತಿದೆಯಲ್ರೀ! ಒಳಗೆ ಕೀವು ಕಟ್ಟಿದೆ. ಇದನ್ನ ಹೀಗೇ ಬಿಡಬಾರದು, ಒತ್ತಿ ತೆಗೀಬೇಕು."

"ಒತ್ತಬೇಡಿ!" ಡಾಕ್ಟರು ಕಿರುಚಿದ್ದಕ್ಕೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಊರೆಲ್ಲ ಹುಡುಕಿದರೂ ಸಿಗದ ವಾಲ್ವ್, ಅಂಗಡಿಯ ಪ್ರಾಣ, ಹೆಬ್ಬೆರಳಿನ ಒಂದು ಒತ್ತಿಗೆ ಚೂರಾಗಿಬಿಟ್ಟರೆ! ಅವರಿಗೆ ನಿಜವಾಗಿಯೂ ಅಳು ಬಂತು.

ಅಳು ನೋಡಿ ಮೇಷ್ಟ್ರಿಗೆ ಕರುಳು ಚುರ್ರೆಂದಿತು. "ಹೆದರ್ಬೇಡಿ, ನಾನಿದೀನಿ," ಎಂದು ರಟ್ಟೆ ಹಿಡಿದು ದರದರ ಎಳೆದುಕೊಂಡು ಎದುರಿನ ಔಷಧಿ ಅಂಗಡಿಗೆ ಹತ್ತಿಸಿದರು. ಅಲ್ಲಿನ ಕಾಂಪೌಂಡರ್ ಕುರು ಒತ್ತುವುದರಲ್ಲಿ ಎತ್ತಿದ ಕೈ. ಸಂಗತಿ ಕೇಳಿದ್ದೇ ಅಂಗಿಯ ತೋಳು ಮಡಚಿ, ಬೆರಳು ನೆಟಿಗೆ ಮುರಿದ.

"ಬೆಂಚಿನ ಮೇಲೆ ಮಲಗಿ. ಪ್ಯಾಂಟ್ ಬಿಚ್ಚೋದೂ ಬೇಡ, ಮೇಲಿಂದಲೇ ಒಂದು ಸಲ ಒತ್ತಿದ್ರೆ ಪಟ್ ಅನ್ನತ್ತೆ."

"ಪಟ್ ಅನ್ನತ್ತೆ, ಅದೇ ಭಯ!"

"ಆಮೇಲೆ ಹಗುರ ಆಗ್ತೀರಿ."

"ಅಂಗಡೀನೇ ಹೋಗತ್ತೆ ಕಣಯ್ಯಾ!"

"ಜ್ವರ ತಲೆಗೇರಿದೆ," ಎಂದರು ಮೇಷ್ಟ್ರು ಕನಿಕರದಿಂದ. "ಕಾಲು ಹಿಡ್ಕೊಳ್ಳಿ."

ಯಾರು ಯಾರ ಕಾಲು ಹಿಡಿದರೋ ಹೇಳುವುದು ಕಷ್ಟ. ಡಾಕ್ಟರು ಎರಡೂ ಕೈಯಲ್ಲಿ ಜೇಬನ್ನು ಕೋಳಿ ಮೊಟ್ಟೆ ಕಾಯುವಂತೆ ಮುಚ್ಚಿಕೊಂಡು, ತಲೆಯಿಂದಲೇ ಕಾಂಪೌಂಡರನ ಹೊಟ್ಟೆಗೆ ಗುಮ್ಮಿ, ಬೆಂಚು ಹಾರಿ, ಮೆಟ್ಟಿಲು ಇಳಿದು ಓಡಿದರು. ಕುರು ಎದ್ದ ಮನುಷ್ಯ ಹೀಗೆ ಓಡಿದ್ದನ್ನು ಮೇಷ್ಟ್ರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಅಂಗಡಿಗೆ ಬಂದು ಬಾಗಿಲ ಅಗುಳಿ ಹಾಕಿ, ಕಣ್ಣು ಮುಚ್ಚಿಕೊಂಡೇ ಜೇಬಿಗೆ ಕೈ ಹಾಕಿದರು. ವಾಲ್ವ್ ಇಡಿಯಾಗಿತ್ತು. ಹೆಂಡತಿಗೆ ತೋರಿಸಿದರು. ಅವಳು ವಾಲ್ವನ್ನು ಬಿಟ್ಟು ತೊಡೆ ನೋಡಿ, "ಥೂ, ಬೊಬ್ಬೆ ಎದ್ದಿದೆಯಲ್ರೀ," ಎಂದು ಎಣ್ಣೆ ತರಲು ಹೋದಳು. ಡಾಕ್ಟರು ಓನರಮ್ಮನ ಸೆಟ್ಟಿಗೆ ವಾಲ್ವ್ ಕೂರಿಸಿದರು. ಸ್ವಿಚ್ ಹಾಕಿದರು. ಕಾದರು. ಮೊದಲು ಗುಂಯ್ ಎಂಬ ಸಣ್ಣ ಸದ್ದು, ಆಮೇಲೆ ತುಂಬುಗಂಟಲಿನ ಹಾಡು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಎಷ್ಟೋ ದಿನದ ಮೇಲೆ ಡಾಕ್ಟರಿಗೆ ಹಸಿವಾಯಿತು.

ಅನ್ನದ ತಟ್ಟೆ ಮುಂದೆ ಬರುವಷ್ಟರಲ್ಲಿ ಓನರಮ್ಮ ಬಂದೇಬಿಟ್ಟರು. ಕುರ್ಚಿ ಎಳೆದುಕೊಂಡು ಕೂತು, ಡಯಲ್ ತಿರುಗಿಸಿ ಒಂದು ಹಾಡು, ಅರ್ಧ ವಾರ್ತೆ, ಒಂದು ಭಾಷಣದ ಬಾಲ ಕೇಳಿದರು. ಮರದ ಪೆಟ್ಟಿಗೆಯ ಮೇಲೆ ಬೆರಳಾಡಿಸಿ ಹೊಳಪು ನೋಡಿದರು. ಡಾಕ್ಟರು ಉಗುರು ಕಚ್ಚುತ್ತ ನಿಂತಿದ್ದರು.

"ಪರವಾಗಿಲ್ವೇ," ಎಂದರು ಓನರಮ್ಮ ಕೊನೆಗೆ. "ಕೈಯಲ್ಲಿ ವಿದ್ಯೆ ಇದೆ, ಸೋಂಬೇರಿತನ ಜಾಸ್ತಿ ಅಷ್ಟೇ. ಮೊಬೈಲಿನವನಿಗೆ ಆಗಲ್ಲ ಅಂತ ಹೇಳ್ತೀನಿ, ಬಿಡು."

ಡಾಕ್ಟರಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ನೀವ್ಯಾಕೆ ಹೊರ್ತೀರಿ ಅಮ್ಮಾ? ಮನೆಗೆ ನಾನೇ ತಂದು ಇಡ್ತೀನಿ."

"ಮನೆಗ್ಯಾಕೆ? ಕತ್ತರಿಯಣ್ಣನ ಅಂಗಡೀಲಿ ಇಡೋದು." ಓನರಮ್ಮ ಸೆರಗು ಸರಿಮಾಡಿಕೊಂಡರು. "ನೀನು ಇದನ್ನ ಇಷ್ಟು ದಿನ ಇಟ್ಕೊಂಡೆಯಲ್ಲ, ಅಷ್ಟು ದಿನವೂ ನಾನು ಬಾಲ್ಕನೀಲಿ ಕೂತು ಕೆಳಗಡೆ ಅವನ ರೇಡಿಯೊ ಕೇಳ್ತಿದ್ದೆ. ಹಾಡು, ನಡುವೆ ಅವರ ಜಗಳ, ಮೇಷ್ಟ್ರ ಪುರಾಣ, ಎಲ್ಲ ಸೇರಿದ್ರೇನೇ ರುಚಿ ಕಣಪ್ಪ. ನಾಲ್ಕು ಗೋಡೆ ಮಧ್ಯೆ ಒಬ್ಬಳೇ ಕೂತು ಏನು ಕೇಳಲಿ? ಇವತ್ತು ಮಧ್ಯಾಹ್ನದಿಂದ ಕೆಳಗೆ ಸದ್ದೇ ಇಲ್ಲ. ಮನೆ ಬಿಕೋ ಅಂತು. ಅದಕ್ಕೇ ನನ್ನ ರೇಡಿಯೊ ಅವನಿಗೇ ಕೊಟ್ಬಿಡೋದು ಅಂತ ಮಾಡಿದೆ."

ಡಾಕ್ಟರಿಗೆ ನಗು ಬಂತು. ಯಾವ ಅಂಗಡಿಯಿಂದ ತೊಡೆ ಸುಟ್ಟುಕೊಂಡು ತಂದರೋ ಆ ವಾಲ್ವ್ ಅದೇ ಅಂಗಡಿಗೆ ವಾಪಸ್ಸು. ಹೋಗಲಿ, ಅಂಗಡಿ ಉಳಿಯಿತಲ್ಲ. "ತುಂಬ ಒಳ್ಳೇ ಕೆಲಸ ಅಮ್ಮಾ," ಎಂದರು.

"ಹಂಗೇ ಬಿಟ್ಟಿ ಕೊಡ್ತೀನಾ? ಅವನದು ನನಗೆ." ಓನರಮ್ಮ ಬಾಗಿಲ ಕಡೆ ತಿರುಗಿದರು. "ತಗೊಂಬಾರೋ ಒಳಗೆ!"

ಕತ್ತರಿಯಣ್ಣ ತನ್ನ ರೇಡಿಯೊವನ್ನು ಹೊತ್ತುಕೊಂಡು ಒಳಗೆ ಬಂದು ಮೇಜಿನ ಮೇಲಿಟ್ಟ. "ರೆಸ್ಟ್ ಬೇಕು ಅಂದ್ರಲ್ಲ ಡಾಕ್ಟ್ರೇ, ನಿಮ್ಮ ಹತ್ರಾನೇ ರೆಸ್ಟ್ ತಗೊಳ್ಳಲಿ ಅಂತ ತಂದೆ," ಎಂದು, ಓನರಮ್ಮನ ರೇಡಿಯೊವನ್ನು ಎತ್ತಿಕೊಂಡ.

"ರಾತ್ರಿ ನಿದ್ದೆ ಬರದಾಗ ಕೇಳೋಕೆ ಬೇಕು," ಎಂದರು ಓನರಮ್ಮ ಏಳುತ್ತ. "ಮಧ್ಯಾಹ್ನದವರೆಗೂ ಹಾಡ್ತಿತ್ತಲ್ಲ, ದೊಡ್ಡ ಕಾಯಿಲೆ ಏನಿರಲ್ಲ. ನಾಳೆ ಸಂಜೆ ಬರ್ತೀನಿ. ಮೊಬೈಲಿನವನಿಗೂ ನಾಳೆ ಆದ್ಮೇಲೇ ಹೇಳೋಣ, ಏನಂತೀಯ?"

ಅವರಿಬ್ಬರೂ ಹೋದ ಮೇಲೆ ಡಾಕ್ಟರು ಬಾಯಿ ಸತ್ತ ಸೆಟ್ಟಿನ ಮುಂದೆ ತಲೆಗೆ ಕೈ ಹೊತ್ತು ಕೂತರು. ಅನ್ನ ಆರಿತು. ಎದುರು ಸಾಲಿನ ಟೈಲರ್ ಅಂಗಡಿಯಿಂದ ಒಂದು ಹಾಡು ರಸ್ತೆ ದಾಟಿ ಬಂತು. ಡಾಕ್ಟರ ಕಿವಿ ನೆಟ್ಟಗಾಯಿತು.

"ಲೇ, ಟೈಲರ್ ಸೆಟ್ಟಲ್ಲೂ ಇದೇ ವಾಲ್ವ್ ಅಲ್ವೇನೇ?"

"ಹೌದು, ನೀವೇ ತಾನೇ ಹಾಕಿದ್ದು," ಎಂದಳು ಹೆಂಡತಿ. "ಕತ್ತರಿಯಣ್ಣನ ಸೆಟ್ಟಿಂದ ಕಿತ್ತು."

ಡಾಕ್ಟರು ಎದ್ದು ನಿಂತರು. ಅಂದರೆ ಕತ್ತರಿಯಣ್ಣನ ಸೆಟ್ಟಿನ ಸ್ವಂತ ವಾಲ್ವೇ ಅಲ್ಲಿ ಕೂತು ಹಾಡುತ್ತಿದೆ! ಇನ್ನೊಂದು ಫ್ರೀ ಸರ್ವಿಸ್, ಅಷ್ಟೇ. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು, ಈ ಸಲ ಆರಲು ಬಿಟ್ಟು ಕೀಳುವುದೆಂದು ತೀರ್ಮಾನಿಸಿ ಹೊಸ್ತಿಲಿಗೆ ಬಂದರು.

ಹಾಡು ಅರ್ಧದಲ್ಲಿ ಕರಕರ ಎಂದಿತು. ಒಮ್ಮೆ ಕೀರಲಾಯಿತು. ನಿಂತಿತು. ಸ್ವಲ್ಪ ಹೊತ್ತಿಗೆ ಟೈಲರ್, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ, ರೇಡಿಯೊವನ್ನು ಎದೆಗೊತ್ತಿ ಹಿಡಿದು ರಸ್ತೆ ದಾಟಿದ.

"ಸರಿಯಾದ ಹೊತ್ತಿಗೆ ಸಿಕ್ಕಿದ್ರಿ ಡಾಕ್ಟ್ರೇ! ಹಾಡ್ತಾ ಹಾಡ್ತಾನೇ ನಿಂತೋಯ್ತು. ನಾಳೆ ಸಂಜೆಯೊಳಗೆ ಮಾಡ್ಕೊಡ್ತೀರಿ ತಾನೇ?"