ಹಾಡಿಯಲ್ಲಿ ಹಾಕಿದ ಒಂದು ಕೂ

ನನ್ನ ಕಾಲುಗಳು ನನಗಿಂತ ಮೊದಲೇ ಸೇವಾನಿವೃತ್ತಿ ಪಡೆದವು. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಬೆನ್ನ ಹಿಂದಿನವರ ಬಗ್ಗೆ. ದೂಡುವ ಗಾಲಿಕುರ್ಚಿಯಲ್ಲಿ ಕೂತವನ ಕುತ್ತಿಗೆಗೆ ಸದಾ ಯಾರದ್ದಾದರೂ ಉಸಿರು ತಾಗುತ್ತಿರುತ್ತದೆ. ನನಗೆ ಮರದ ಕೆಳಗೆ ಸ್ವಲ್ಪ ನಿಲ್ಲುವ ಆಸೆಯಾದಾಗ ದೂಡುವವರಿಗೆ ಒಲೆಯ ಮೇಲಿಟ್ಟ ಅನ್ನ ನೆನಪಾಗುತ್ತದೆ. ಆದ್ದರಿಂದ ಬ್ಯಾಟರಿ ಕುರ್ಚಿ ಮನೆಗೆ ಬಂದ ದಿನವೇ ಘೋಷಿಸಿದೆ:

"ನಾಳೆ ಹಾಡಿಗೆ ನಾನೊಬ್ನೇ ಹೋಪುದ್."

ಹಾಡಿ ಎಂದರೆ ತಲ್ಲೂರಿನ ನಮ್ಮ ಮನೆಗಳ ಬೆನ್ನಿಗೆ ಅಂಟಿಕೊಂಡಿರುವ ಸಣ್ಣ ಕಾಡು. ಹೊರಗಿನವರಿಗೆ ಪೊದೆ, ಅದರಲ್ಲಿ ಆಡಿ ಬೆಳೆದವರಿಗೆ ಮಹಾರಣ್ಯ.

ಮನೆಯಾಕೆ ಸರೋಜ ಅಕ್ಕಿ ಗೇರುವುದನ್ನು ನಿಲ್ಲಿಸಲಿಲ್ಲ. "ಹೋಯ್ನಿ. ಆದ್ರೆ ಫೋನ್ ಮಾಡಿ ಯಾರನ್ನಾರೂ ಕರ್ದ್ರೆ ಅಲ್ಲಿಗೆ ಮುಗೀತ್. ಮತ್ತೆ ಒಬ್ರೇ ಹೋಪುಕಾಗ. ಹಾಂಗೆ ಪಂಚಿ ಬ್ಯಾಡ, ಚಕ್ರಕ್ಕೆ ಸಿಕ್ಕುತ್ತ್. ಪ್ಯಾಂಟ್ ಹಾಯ್ಕಣಿ."

"ನಮ್ಮ್ ಹಾಡಿಗೆ ಪ್ಯಾಂಟ್ ಹಾಯ್ಕಂಡ್ ಹೋಪುಕೆ ನಾನೆಂತ ಸರ್ವೆ ಮಾಡುಕೆ ಬಂದವ್ನಾ?"

ಮಹಾಪುರುಷರು ಇಂಥ ಮಾತು ಆಡಿಯೇ ಕೆಟ್ಟದ್ದು.

ಮರುದಿನ ಇಸ್ತ್ರಿ ಮಾಡಿದ ಹೊಸ ಪಂಚೆ ಉಟ್ಟು ಹೊರಟೆ. ತರಗೆಲೆಯ ಮೇಲೆ ಚಕ್ರ ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತ ಸಾಗಿತು. ಹೆಬ್ಬಲಸಿನ ಮರದ ಬುಡದಲ್ಲಿ ನಿಲ್ಲಿಸಿದೆ. ಯಾರೂ "ಹೋಪನಾ?" ಎಂದು ಕೇಳಲಿಲ್ಲ. ಕೊಂಬೆಯ ಮೇಲಿದ್ದ ಕಾಜಾಣಕ್ಕೂ ಏನೂ ಅವಸರವಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಕುತ್ತಿಗೆಗೆ ಬರೀ ಗಾಳಿ ತಾಗಿತು. ಕಣ್ಣು ಸ್ವಲ್ಪ ಒದ್ದೆಯಾಯಿತೆಂದು ಬರೆದರೆ ಸರೋಜ ಓದುತ್ತಾಳೆ, ಆದ್ದರಿಂದ ಬರೆಯುವುದಿಲ್ಲ.

ಹೊರಡಲು ಕುರ್ಚಿಯ ಗುಂಡಿ ಒತ್ತಿದೆ. ಕುರ್ಚಿ ಮರದ ಬೇರನ್ನು ಹತ್ತಿ ಇಳಿಯಿತು. ಪಂಚೆಯ ಎಡತುದಿ ಎಡಚಕ್ರಕ್ಕೆ ಹೋಯಿತು. ಬಿಡಿಸಲೆಂದು ಹಿಂದಕ್ಕೆ ನಡೆಸಿದೆ. ಬಲತುದಿ ಬಲಚಕ್ರಕ್ಕೆ ಹೋಯಿತು. ಎರಡು ಚಕ್ರಗಳೂ ಸೇರಿ ನನ್ನ ಮಾನವನ್ನು ಪಾಲು ಮಾಡಿಕೊಳ್ಳಲು ಹೊರಟಿದ್ದವು.

ಫೋನ್ ಮಾಡಿದರೆ ಸೋತೆ. ಆದರೆ ಒಪ್ಪಂದದಲ್ಲಿ 'ಕೂ' ಇರಲಿಲ್ಲವಲ್ಲ! ಹಾಡಿಯಲ್ಲಿ ಒಬ್ಬ ಕೂ ಎಂದು ಕೂಗಿದರೆ ಕೇಳಿದವ ತಿರುಗಿ ಕೂ ಹಾಕಬೇಕು, ದನಿ ಬಂದ ಕಡೆಗೆ ನಡೆಯಬೇಕು. ಇದು ನಮ್ಮಲ್ಲಿ ಫೋನಿಗಿಂತ ಹಳೆಯ ಇಲಾಖೆ. ಎದೆ ತುಂಬ ಉಸಿರು ಎಳೆದು ಹಾಕಿದೆ. ಹಾಕಿದ ಮೇಲೆ ತೊಡೆ ನೋಡಿಕೊಂಡೆ. ಅಲ್ಲಿ ಪಂಚೆಗಿಂತ ತೊಡೆಯೇ ಹೆಚ್ಚಿತ್ತು.

ಅಷ್ಟರಲ್ಲಿ ಮೂಡಲಿಂದ ಒಂದು ಕೂ, ಪಡುವಲಿಂದ ಎರಡು. ಹಾಕಿದ ಕೂವನ್ನು ವಾಪಸು ಪಡೆಯುವ ಪದ್ಧತಿ ನಮ್ಮ ಹಿರಿಯರು ಮಾಡಿಟ್ಟಿಲ್ಲ.

ಮೊದಲು ಬಂದವಳು ತರಗೆಲೆ ಗುಡಿಸುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ. ಒಮ್ಮೆ ನೋಡಿ ಮುಖ ತಿರುಗಿಸಿದಳು. ಮುಖ ತಿರುಗಿಸಿಕೊಂಡೇ ಎಲೆ ತುಂಬಿದ ಹೆಡಗೆಯನ್ನು ನನ್ನ ಮಡಿಲಿಗಿಟ್ಟಳು. "ಹಿಡ್ಕಣಿ ಮಾಷ್ಟ್ರೆ. ನಾ ಎಂತದೂ ಕಾಣ್ಲಿಲ್ಲೆ."

ಆಮೇಲೆ ಮೀನು ಮಾರುವ ಶೀನ. ಸ್ಕೂಟರನ್ನು ರಸ್ತೆಯಲ್ಲೇ ಬಿಟ್ಟು ಓಡಿ ಬಂದಿದ್ದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಾಷ್ಟ್ರೆ, ಇದ್ ಕುರ್ಚಿಯಾ, ಬಲೆಯಾ? ಸಿಕ್ಕಿದ್ದ್ ಮಾತ್ರ ದೊಡ್ಡ್ ಮೀನೇ" ಎಂದ.

ಕೊನೆಗೆ ಸರೋಜ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಮೈ ಒರೆಸುವ ಬೈರಾಸು.

"ಬೈರಾಸ್ ಬೇಕಂತ ನಿಂಗೆ ಹ್ಯಾಂಗ್ ಗೊತ್ತಾಯ್ತ್?"

"ನೀವ್ ಪಂಚಿ ಉಟ್ಕಂಡ್ ಹೋದ್ದ್ ಕಂಡಿದ್ದೆ. ಕೂ ಕೇಂಬುಕೇ ಕಾಯ್ತಿದ್ದೆ."

ಬೈರಾಸನ್ನು ನನಗೆ ಸುತ್ತಿ, ಹೊಸ ಪಂಚೆಯನ್ನು ಕರಕರನೆ ಕತ್ತರಿಸಿ ಎರಡೂ ಚಕ್ರಗಳಿಂದ ಎಳೆದು ತೆಗೆದಳು. ನಾನು ತೀರ್ಪಿಗೆ ತಲೆಬಾಗಿ ಕೂತೆ.

"ಫೋನ್ ಮಾಡ್ಲಿಲ್ಲೆ ಅಲ್ದಾ. ನಾಳೆಯೂ ಹೋಯ್ನಿ. ಪ್ಯಾಂಟ್ ಹಾಯ್ಕಂಡ್."

ಅಂದಿನಿಂದ ಪ್ಯಾಂಟು ಹಾಕಿ ದಿನವೂ ಹೋದೆ. ಆದರೆ ನನ್ನ ಚಕ್ರದ ಸದ್ದು ಕೇಳಿದರೆ ಸಾಕು, ಗಿರಿಜಕ್ಕ ಒಂದು ಕೂ, ದಾರಿಯಿಂದ ಶೀನ ಒಂದು ಕೂ. ನಾನು ತಿರುಗಿ ಹಾಕದಿದ್ದರೆ ಹೆಡಗೆ ಬಂದೀತೆಂಬ ಭಯ. ಕಾಜಾಣ ಬೇರೆ ಹಾಡಿಗೆ ವರ್ಗ ಮಾಡಿಸಿಕೊಂಡಿತು. ಮನುಷ್ಯನಿಗೆ ಅರ್ಧ ಗಂಟೆಯ ಏಕಾಂತವೂ ಬೇಡವೇ ಎಂದು ಮನೆಯಲ್ಲಿ ದೀರ್ಘ ಭಾಷಣ ಮಾಡಿದೆ.

ಒಂದು ಭಾನುವಾರ ಶೀನನೂ ಸೇರಿ ಅಕ್ಕಪಕ್ಕದವರೆಲ್ಲ ಕುಂದಾಪುರಕ್ಕೆ ಮದುವೆಗೆ ಹೋದರು. ಮಂಡಿನೋವೆಂದು ಸರೋಜ ಮಾತ್ರ ಉಳಿದಳು. ನಾನು ಹೆಬ್ಬಲಸಿನ ಬುಡದಲ್ಲಿ ನಿಲ್ಲಿಸಿದೆ. ಮೂಡಲಿಂದ ಕೂ ಇಲ್ಲ, ಪಡುವಲಿಂದಲೂ ಇಲ್ಲ. ಬೇಡಿ ಪಡೆದ ಏಕಾಂತ ಪೂರ್ತಿಯಾಗಿ ಮುಂದೆ ಬಂದು ಕೂತಿತು. ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡೆವು. ಕುತ್ತಿಗೆಗೆ ತಾಗುತ್ತಿದ್ದ ಗಾಳಿ ಯಾಕೋ ತಣ್ಣಗೆನಿಸಿತು.

ಆಚೀಚೆ ನೋಡಿ, ಮೆಲ್ಲಗೆ, ನಾನೇ ಒಂದು ಕೂ ಹಾಕಿದೆ.

ಮನೆಯ ಕಡೆಯಿಂದ ತಕ್ಷಣ ಒಂದು ಕೂ ಬಂತು. ಕುರ್ಚಿ ತಿರುಗಿಸಿ ಹೊರಟೆ. ಸರೋಜ ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನ್ನ ಪ್ಯಾಂಟು ನೋಡಿದಳು, ಚಕ್ರ ನೋಡಿದಳು.

"ಎಲ್ಲ ಸಮಾ ಇತ್ತಲೆ. ಮತ್ತೆ ಕೂ ಎಂತಕ್ಕೆ ಹಾಕಿದ್ದ್?"

"ಬ್ಯಾಟ್ರಿ ಕಮ್ಮಿ ಇತ್ತ್" ಎಂದೆ.

ಕುರ್ಚಿಯ ಹಸಿರು ದೀಪಗಳು ಒಂದೂ ಬಿಡದೆ ಉರಿಯುತ್ತಿದ್ದವು.