ಒಯ್ಯದೇ ಉಳಿದ ಫೋಟೋಗಳು

ನಮ್ಮ ಮನೆಯವರ ಕಾಕಾ ಹುನಗುಂದ ತಾಲೂಕಿನ ಅರ್ಧ ಜನರನ್ನು ಬರೀ ಕಿವಿ ನೋಡಿ ಗುರುತು ಹಿಡಿಯಬಲ್ಲರು! ನೀವು ನಂಬುವುದಿಲ್ಲ, ಗೊತ್ತು. ಮೊದಮೊದಲು ನಾನೂ ನಂಬಿರಲಿಲ್ಲ.

ಇಳಕಲ್ಲಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು ಅವರು. ಪಾಸ್‌ಪೋರ್ಟ್ ಸೈಜಿನ ಫೋಟೋದಲ್ಲಿ ಎರಡೂ ಕಿವಿ ಕಾಣಲೇಬೇಕಂತೆ. ಹಾಗಾಗಿ ಹೆಸರು ಮರೆತಾರು, ಊರು ಮರೆತಾರು, ಕಿವಿ ಮಾತ್ರ ಮರೆಯಲಾರರು. ನನ್ನನ್ನು ನೋಡಲು ಬಂದ ದಿನ ಉಳಿದವರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ, ಹಾಡಲು ಬರುತ್ತದೆಯೇ ಎಂದು ಕೇಳುತ್ತಿದ್ದರೆ, ಇವರು ತಲೆ ಓರೆ ಮಾಡಿ ನೋಡಿ, "ಎಡಗಿವಿ ಒಂದೀಟ ಮ್ಯಾಲ ಐತಿ. ಇರ್ಲಿ, ಅಡ್ಡಿ ಇಲ್ಲ" ಎಂದು ತೀರ್ಪು ಕೊಟ್ಟರು. ಇಪ್ಪತ್ತೆರಡು ವರ್ಷಗಳಾದವು. ನಾನು ಇಂದಿಗೂ ಎಡಗಡೆಯ ಕೂದಲನ್ನು ತುಸು ಇಳಿಬಿಟ್ಟೇ ಜಡೆ ಹಾಕಿಕೊಳ್ಳುತ್ತೇನೆ.

ಸ್ಟುಡಿಯೋ ಮುಚ್ಚಿ ಬಾಗಲಕೋಟೆಗೆ ನಮ್ಮ ಮನೆಗೆ ಬಂದಾಗ ಕಾಕಾ ತಂದದ್ದು ಎರಡು ಜೊತೆ ಬಟ್ಟೆ, ತಮ್ಮ ಕ್ಯಾಮೆರಾ ಮತ್ತು ಮೂರು ತಗಡಿನ ಡಬ್ಬಿ. ಒಂದರಲ್ಲಿ ಹಳೆಯ ನೆಗೆಟಿವ್‌ಗಳು, ಉಳಿದೆರಡರ ತುಂಬ ಗಿರಾಕಿಗಳು ತೆಗೆಸಿಕೊಂಡು ಒಯ್ಯದೇ ಬಿಟ್ಟ ಫೋಟೋಗಳು! ಅವನ್ನೆಲ್ಲ ಮನೆಮನೆಗೆ ಮುಟ್ಟಿಸುವುದೇ ಈಗ ಅವರ ಕೆಲಸ. ಒಮ್ಮೆ ಹುನಗುಂದದ ಒಬ್ಬ ಅಜ್ಜಿಗೆ, ಆಕೆಯನ್ನು ವರಗಳಿಗೆ ತೋರಿಸಲೆಂದು ತೆಗೆಸಿದ್ದ ಹಳೆಯ ಫೋಟೋ ಕೊಟ್ಟು ಬಂದರು. ಆಕೆ ಬಹಳ ಹೊತ್ತು ನೋಡಿ, "ಇದು ಆಗs ಕೈಗೆ ಬಂದಿದ್ರ ನಾ ಇವತ್ತ ಹುಬ್ಬಳ್ಳ್ಯಾಗ ಇರ್ತಿದ್ದೆ ನೋಡ್ರಿ" ಅಂದಳಂತೆ. ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ ಆಕೆಯ ಯಜಮಾನರು ಬಸಿಯನ್ನು ಮೆಲ್ಲಗೆ ಕೆಳಗಿಟ್ಟರಂತೆ!

ಇಂಥವರನ್ನು ಫೋಟೋ ಪ್ರದರ್ಶನಕ್ಕೆ ಕರೆದುಕೊಂಡು ಹೋದದ್ದು ಯಾರ ತಪ್ಪು? ನನ್ನದೇ. ಒಂದು ವಿಶ್ವವಿದ್ಯಾಲಯದವರು ಬಾದಾಮಿಯಲ್ಲಿ ಛಾಯಾಚಿತ್ರ ಗ್ಯಾಲರಿ ತೆರೆದಿದ್ದಾರೆಂದು ಕೇಳಿ, ಮುದುಕರಿಗೆ ಖುಷಿಯಾದೀತೆಂದು ಬಸ್ಸು ಹತ್ತಿಸಿದೆ.

ಒಳಗೆ ಹೆಜ್ಜೆಯಿಟ್ಟ ಕ್ಷಣದಿಂದ ನನಗೆ ಗೊಂದಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಕಾವಲುಗಾರ, "ಹಾಕ್ಕೋರಿ ಅಕ್ಕಾರ, ಇದು ಗುಡಿ ಅಲ್ಲ" ಅಂದ. ಹಾಕಿಕೊಂಡೆ. ಕಾಕಾ ಮಾತ್ರ ಬರಿಗಾಲಲ್ಲೇ ನಡೆದರು. ಮೊದಲ ಫೋಟೋದಲ್ಲಿ ಅರ್ಧ ಬಕೆಟ್ ಇತ್ತು. ಉಳಿದರ್ಧ ಎಲ್ಲಿ? ಐದು ನಿಮಿಷ ನಿಂತು ನೋಡಿದೆ. ಎರಡನೆಯದು ಪೂರ್ತಿ ಮಬ್ಬು. ಕನ್ನಡಕ ಒರೆಸಿ ನೋಡಿದೆ, ಆಗಲೂ ಮಬ್ಬೇ! ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಅರ್ಥವಾಗದಿದ್ದರೆ ಕೈಯೆತ್ತಿ ಕೇಳಬೇಕೆಂದು ಕಲಿಸಿದ್ದರು. ಇಲ್ಲಿ ಯಾರನ್ನು ಕೇಳುವುದು?

ಕಾಕಾಗೆ ಮಾತ್ರ ಎಲ್ಲವೂ ಸ್ಪಷ್ಟವಾಗಿತ್ತು. ಗೋಡೆಯುದ್ದಕ್ಕೂ ನೋಡಿ ಮರುಗಿದರು: "ಯವ್ವಾ, ಇಷ್ಟ ಮಂದಿ ಒಯ್ದs ಇಲ್ಲಲ್ಲ!"

ಅವರ ಸ್ಟುಡಿಯೋದಲ್ಲಿ ಯಾರೂ ಒಯ್ಯದ ಫೋಟೋಗಳನ್ನೇ ಗೋಡೆಗೆ ಹಾಕುತ್ತಿದ್ದರು! ನಾನು ತಡೆಯುವ ಮೊದಲೇ ಅವರು ಗ್ಯಾಲರಿಯ ಮೇಜಿನ ಮುಂದೆ ನಿಂತಾಗಿತ್ತು. ಅಲ್ಲಿದ್ದವಳು ಎಳೆಯ ವಯಸ್ಸಿನ ಉಪನ್ಯಾಸಕಿ.

"ಮೇಡಮ್ಮಾರ, ಇವರಿಗೆಲ್ಲಾ ಕಾಪಿ ಮುಟ್ಯಾವೇನ್ರಿ?"

"ಯಾರಿಗ್ರಿ?"

"ಫೋಟೋದಾಗ ಇದ್ದವರಿಗೆ!"

"ಅಜ್ಜಾರ, ಇವು ಪ್ರದರ್ಶನಕ್ಕ ಇಟ್ಟಾವ್ರಿ."

"ನಾವೂ ಪ್ರದರ್ಶನಕ್ಕs ಇಡತಿದ್ವಿ. ನಾಚಿಗಿ ಬಂದು ಒಯ್ಯಲಿ ಅಂತ!"

ಮೇಡಂ ನನ್ನನ್ನು ನೋಡಿದಳು. ನಾನು ಅರ್ಧ ಬಕೆಟ್ಟನ್ನು ನೋಡಿದೆ.

ಕೊನೆಯ ಮೂಲೆಯಲ್ಲಿ ಕಾಕಾ ಗಕ್ಕನೆ ನಿಂತರು. ತಲೆಯ ಮೇಲೆ ಶೇಂಗಾ ಬುಟ್ಟಿ ಹೊತ್ತ ಒಬ್ಬ ಮುದುಕ, ಬಸ್ಸಿನ ಕಿಟಕಿಯತ್ತ ಮುಖವೆತ್ತಿ ನಗುತ್ತಿದ್ದ. ಎಂಥ ನಗು ಅಂತೀರಿ! ಇದ್ದ ನಾಲ್ಕೂ ಹಲ್ಲು ಒಟ್ಟಿಗೆ ನಗುತ್ತಿದ್ದವು. ಕೆಳಗಿನ ಚೀಟಿಯಲ್ಲಿ 'ಉತ್ತರ ಕರ್ನಾಟಕದ ಒಂದು ಮುಖ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಾಕಾಗೆ ಓದಿ ಹೇಳಿದೆ.

"ಒಂದು ಮುಖಾ? ಇಂವ ಕಮತಗಿ ಬಸಣ್ಣ! ಅಮೀನಗಡ ಸ್ಟ್ಯಾಂಡಿನಾಗ ಶೇಂಗಾ ಮಾರತಿದ್ದ. ಆ ಬಲಗಿವಿ ನೋಡು, ತುದಿ ಮಡಿಚೇತಿ!"

ಮರುದಿನವೇ ಬಸಣ್ಣನ ಊರು ಕಮತಗಿಗೆ ಹೊರಟೆವು. ಚೀಟಿಯ ಇಂಗ್ಲಿಷು ಓದಿದವಳು ನಾನಾದ್ದರಿಂದ ಸಾಕ್ಷಿಗೆ ನಾನೂ ಬೇಕಂತೆ! ಮನೆಯಲ್ಲಿ ಬಸಣ್ಣನ ಹೆಂಡತಿ ಒಬ್ಬಳೇ ಇದ್ದಳು. ಆತ ತೀರಿಕೊಂಡು ಇನ್ನೇನು ವರ್ಷ ತುಂಬುತ್ತಿತ್ತು. ಗೋಡೆಯ ಮೇಲೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಮಾಲೆ ಹಾಕಿದ್ದರು.

"ನಮ್ಮವರು ಹಿಂಗ ಇದ್ದಿಲ್ರಿ ಯಕ್ಕಾ" ಎಂದು ಆಕೆ ನನಗೆ ಹೇಳಿದಳು. "ಇದರಾಗ ಯಾರದೋ ಎಮ್ಮಿ ಕದ್ದವರಂಗ ಕಾಣ್ತಾರ. ಮೊಮ್ಮಕ್ಕಳು ಅಂಜತಾವು. ಸೋಮವಾರ ವರ್ಷದ ಪೂಜಿ, ಇದನ್ನs ಇಟ್ಟು ಮಾಡಬೇಕು."

"ನಗೂ ಫೋಟೋ ಒಂದೂ ಇಲ್ಲೇನು?" ಕಾಕಾ ಕೇಳಿದರು.

"ನೀವು ನಗಾಕ ಎಲ್ಲಿ ಬಿಟ್ರಿ? ರೇಷನ್ ಕಾರ್ಡಿಗೆ ತೆಗೆಸಾಕ ಬಂದಾಗ 'ಹಲ್ಲು ಮುಚ್ಚಲೇ ಬಸ್ಯಾ' ಅಂತ ಬೈದಿದ್ರಂತ. ಸಾಯೂತನಕ ಹೇಳಿಕೊಂಡು ನಗತಿದ್ರು!"

ಆಕೆ ಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಕಾಕಾ ಕುಡಿಯಲಿಲ್ಲ.

ಶನಿವಾರಕ್ಕೆ ಪ್ರದರ್ಶನ ಮುಗಿದು, ಫೋಟೋಗಳೆಲ್ಲ ಪೆಟ್ಟಿಗೆ ಸೇರಿ ಬೇರೆ ಯಾವುದೋ ಊರಿಗೆ ಹೋಗುವುದಿತ್ತು. ಕಾಪಿ ಕೊಡಲು ಫೋಟೋ ತೆಗೆದವನ ಒಪ್ಪಿಗೆ ಬೇಕು. ಮೇಡಂ ಪಾಪ, ಮೂರು ದಿನ ಫೋನು ಮಾಡಿದಳು. ಆತ ಯಾವ ಗುಡ್ಡ ಹತ್ತಿ ಕುಳಿತಿದ್ದನೋ, ಸಿಗಲೇ ಇಲ್ಲ. ಹಳೆಯ ರೇಷನ್ ಕಾರ್ಡಿನ ಫೋಟೋ ಆದರೂ ಸಿಕ್ಕೀತೆಂದು ಆ ಡಬ್ಬಿ ತೆಗೆದರೆ, ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಹಪ್ಪಳವಾಗಿದ್ದವು.

"ಕಾಕಾ, ಮೊಬೈಲಿನಾಗ ಒಂದು ಹೊಡಕೊಂಡು ಬಂದ್ರಾತಲ್ರಿ?" ಅಂದೆ. ಸಿಟ್ಟಾದರು ನೋಡಿ!

"ಇನ್ನೊಬ್ಬರ ಫೋಟೋದ ಫೋಟೋ ಹೊಡಿಯೂದು ಕಳವು, ಯವ್ವಾ. ನಲವತ್ತು ವರ್ಷ ನನ್ನ ಸ್ಟುಡಿಯೋದಾಗ ಅದು ಆಗಿಲ್ಲ."

ನನಗೆ ಒಂದೂ ತಿಳಿಯಲಿಲ್ಲ. ಆ ನಗು ಯಾರದು? ಬಸ್ಸಿನಿಂದ ತೆಗೆದವನದೇ? ಗೋಡೆಗೆ ಹಾಕಿದವರದೇ? ನಕ್ಕವನದೇ? ಅಥವಾ ಆ ನಗುವಿನೊಡನೆ ಇಷ್ಟು ವರ್ಷ ಬಾಳಿದವಳದೇ? ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ಆ ದಿನದ ರೊಟ್ಟಿಗಳೆಲ್ಲ ಬಾದಾಮಿಯ ಫೋಟೋಗಳ ಹಾಗೆ ಅರ್ಧರ್ಧವಾದವು.

ಶನಿವಾರ ಮಧ್ಯಾಹ್ನ ಕಾಕಾ ಬಸಣ್ಣನ ಹೆಂಡತಿಯನ್ನೇ ಬಾದಾಮಿಗೆ ಕರೆತಂದರು. ಕೆಂಪು ಸೆರಗನ್ನು ತಲೆತುಂಬ ಹೊದ್ದುಕೊಂಡು ಆಕೆ ಆ ಮೂಲೆಯವರೆಗೆ ನಡೆದಳು. ನೋಡಿದಳು. ಅಳಲಿಲ್ಲ. ಬೆರಳ ತುದಿಯಿಂದ ಗಾಜಿನ ಮೇಲಿನ ಒಂದು ಧೂಳಿನ ಎಳೆ ತೆಗೆದು, "ಅಂಗಿ ಗುಂಡಿ ಹಾಕೋ ಅಂದ್ರ ಹಾಕ್ಕೋತಿದ್ದಿಲ್ಲ" ಅಂದಳು, ಅಷ್ಟೇ.

ಕಾಕಾ ಚೀಲದಿಂದ ತಮ್ಮ ಕ್ಯಾಮೆರಾ ತೆಗೆದರು. ನನಗೆ ಗಾಬರಿ. "ಕಾಕಾ, ಕಳವು ಅಂದಿದ್ರಲ್ರಿ?"

"ಫೋಟೋದ ಫೋಟೋ ತೆಗಿತೇನಿ ಅಂತ ಯಾರು ಅಂದ್ರು?" ಎಂದು ಆಕೆಯ ಕಡೆ ತಿರುಗಿದರು. "ತಂಗೀ, ನೀವಿಬ್ರೂ ಕೂಡಿ ಎಂದರ ಫೋಟೋ ತೆಗೆಸಿದ್ರೇನವ್ವಾ?"

"ಇಲ್ರೀಯಣ್ಣಾ. ಯಾವಾಗ್ಲೂ ಅವರು ಸ್ಟ್ಯಾಂಡಿನಾಗ, ನಾ ಮನ್ಯಾಗ."

"ಹಂಗಾರ ಬಾಜೂಕ ನಿಂದ್ರು."

ಆಕೆ ನಿಂತಳು. ಒಂದು ಮೊಳ ದೂರ. ನಮ್ಮನ್ನೆಲ್ಲ ಒಮ್ಮೆ ನೋಡಿ, ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೇಳಿದಳು: "ಇಷ್ಟ ಮಂದಿ ಮುಂದ ಅವರ ಬಾಜೂಕ ನಿಂತ್ರ ಅಡ್ಡಿ ಇಲ್ಲೇನ್ರಿ?"

ಮೇಡಂ ಹೋಗಿ ಆಕೆಯ ಭುಜ ಹಿಡಿದು, ಬಸಣ್ಣನ ಭುಜಕ್ಕೆ ತಾಗುವಷ್ಟು ಹತ್ತಿರ ನಿಲ್ಲಿಸಿ ಬಂದಳು.

ಕಾಕಾ ಕ್ಯಾಮೆರಾ ಕಣ್ಣಿಗೇರಿಸಿದರು.

"ಹಾಂ, ಇಬ್ರೂ ಇತ್ತ ನೋಡ್ರಿ. ಬಸಣ್ಣಾ, ನೀ ನಗತಿರು."